ನಿಮ್ಮ ಹೊಲ ಎಷ್ಟು?

ನನ್ನ ಮಗಳ ಕಾಲೇಜಿನಲ್ಲಿ ಚೀಟಿ ಎತ್ತಿಸಿ ವಿಷಯ ಹಂಚುತ್ತಾರೆ. ಎರಡು ಡಬ್ಬಿ ಇಟ್ಟಿರುತ್ತಾರಂತೆ. ಒಂದರಿಂದ ಒಂದು ಸಮುದಾಯ, ಇನ್ನೊಂದರಿಂದ ಇನ್ನೊಂದು; ಎರಡರ ಸಾಮಾಜಿಕ, ಆರ್ಥಿಕ ಸ್ಥಿತಿಗತಿ ಹೋಲಿಸಿ ಪ್ರಬಂಧ ಬರೆಯಬೇಕು. ನಮ್ಮ ಹುಡುಗಿಯ ಕೈಗೆ ಬಂದದ್ದು ಕೊರಿಯನ್ನರು ಮತ್ತು ಚಿಪ್ಪೆವಾ ಜನ. ಚಿಪ್ಪೆವಾ ಎಂದರೆ ಅಮೆರಿಕದ ಉತ್ತರಕ್ಕೆ, ದೊಡ್ಡ ಸರೋವರಗಳ ಸೀಮೆಯ ಮೂಲನಿವಾಸಿಗಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂಥ ಜೋಡಿ. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಲ್ಯಾಪ್‌ಟಾಪ್ ಎದುರು ಕೂತು, ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಂಡಿದ್ದಳು.

"ಇಬ್ಬರೂ ನನಗ ಗೊತ್ತು," ಎಂದೆ, ಬೇಳೆಗೆ ಒಗ್ಗರಣೆ ಹಾಕುತ್ತ.

"ಯಾವ ಇಬ್ಬರು?" ಎಂದಳು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ರೂಢಿ.

"ಕೊರಿಯಾದಾಕಿ, ಚಿಪ್ಪೆವಾದಾಕಿ. ದಿನಾ ಅವರ ಜೋಡೀನ ಊಟಾ ಮಾಡ್ತೀನಲ್ಲ. ಬೆಣ್ಣಿ ಕೈಯಾಗ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಾಕತ್ತೀ ನೀ."

ಇದರಲ್ಲಿ ಪವಾಡವೇನೂ ಇಲ್ಲ. ಪಾರ್ಕ್ ರಾಯಲ್‌ನಲ್ಲಿ ನಾನು ಕೆಲಸಕ್ಕಿರುವುದು ಡಬ್ಬಿ ಊಟ ಮತ್ತು ಸಾಸ್ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿ ಕ್ಯಾಂಟೀನಿನಲ್ಲಿ ಸುಮ್ಮನೆ ಮೊಣಕೈ ಚಾಚಿದರೆ ಮೂರು ದೇಶಕ್ಕೆ ತಾಗುತ್ತದೆ. ನನ್ನದು ಪ್ರತಿ ಬಾಣಲೆಯ ರುಚಿ ನೋಡಿ ಹೂಂ ಅಥವಾ ಉಹೂಂ ಎನ್ನುವ ಕೆಲಸ. ಕೊರಿಯಾದಾಕಿ ನನ್ನ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುತ್ತಾಳೆ. ನಾನು ಉಪ್ಪು ಸಾಕು ಎಂದರೆ ಅವಳು ಸಾಲದು ಎನ್ನುತ್ತಾಳೆ. ಚಿಪ್ಪೆವಾದಾಕಿ ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ಇಂಗ್ಲಿಷ್ ಗಂಡನನ್ನು ಮದುವೆಯಾಗಿ ಬಂದವಳು, ಗಂಡನನ್ನು ಬಿಟ್ಟ ಮೇಲೂ ಲಂಡನ್ ಬಿಡಲಿಲ್ಲ. ಊರಿನ ಹೆಸರು ಹಿಡಿದು ಕರೆಯುವುದು ನಮ್ಮ ಧಾರವಾಡದ ಚಾಳಿ, ಹಾಗಾಗಿ ಇಲ್ಲೂ ಅವರು ಕೊರಿಯಾದಾಕಿ, ಚಿಪ್ಪೆವಾದಾಕಿ. ಮೂವರೂ ಮಾತಾಡುವುದು ಇಂಗ್ಲಿಷೇ. ಆದರೆ ಅವರ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ಧಾರವಾಡದ ಕನ್ನಡವಾಗಿರುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಈ ಇಬ್ಬರೂ ನನಗೆ ಎಷ್ಟು ಬೇಕಾದವರು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯವರು ಕುಂದಾಪುರದವರು. ಅವರ ಕಡೆಯ ಗೆಳೆಯರ ಮನೆಗಳಲ್ಲಿ ನಡೆಯುವ ಪೂಜೆ, ಊಟ ಎಲ್ಲಕ್ಕೂ ಹೋಗುತ್ತೇನೆ; ಅರ್ಧ ಗಂಟೆಯೊಳಗೆ ಮಾತು ಕುಂದಾಪುರದ ಕನ್ನಡಕ್ಕೆ ಹೊರಳಿ ಮೀನಿಗೆ ಬಂದು ನಿಲ್ಲುತ್ತದೆ, ಮೀನು ತಿನ್ನದ ನಾನು ಪಾಯಸ ಬಡಿಸಲು ಎದ್ದುಬಿಡುತ್ತೇನೆ. ಮಗಳ ಶಾಲೆಯ ತಾಯಂದಿರು ಶಾಲೆ ಮುಗಿದ ದಿನವೇ ಮುಗಿದರು. ಗಂಡನಿಂದಲೂ ಬರದೆ, ಮಗಳಿಂದಲೂ ಬರದೆ, ಲಂಡನ್ನಿನಲ್ಲಿ ನಾನೇ ಸಂಪಾದಿಸಿದವರು ಇವರಿಬ್ಬರೇ. ಕ್ಯಾಂಟೀನಿನ ಆ ಮೇಜಿಲ್ಲದಿದ್ದರೆ ನಾನು ಈ ಊರಿನಲ್ಲಿ ಬರೀ ಒಬ್ಬರ ಹೆಂಡತಿ, ಇನ್ನೊಬ್ಬರ ಅಮ್ಮ.

ಮಗಳು ಅಷ್ಟು ಹೊತ್ತಿಗೆ ಉಪಸಂಹಾರವನ್ನು ಮೊದಲೇ ಬರೆದಿಟ್ಟಿದ್ದಳು. ಪರದೆಯ ಮೇಲೆ ಎರಡು ಸಾಲು ಚೌಕ. ಕೊರಿಯನ್ನರು: ಓದು, ಅಂಗಡಿ, ಚರ್ಚು, ಉಳಿತಾಯ, ಪಕ್ಕದಲ್ಲಿ ಮೇಲೆ ಹೋಗುವ ಬಾಣ. ಚಿಪ್ಪೆವಾ: ನಿರುದ್ಯೋಗ, ಕುಡಿತ, ಕಾಯಿಲೆ, ಕೆಳಗಿಳಿಯುವ ಬಾಣ. ಸರಕು ಪೇರಿಸಿದ ಫೋರ್ಕ್‌ಲಿಫ್ಟನ್ನು ಎಮ್ಮೆ ಹೊಡೆದುಕೊಂಡು ಹೋದಷ್ಟು ಸಲೀಸಾಗಿ ಓಡಿಸುವ ನನ್ನ ಗೆಳತಿಯ ಮುಂದೆ ಆ ಬಾಣ ಇದ್ದದ್ದು ನನಗೆ ಸರಿಬರಲಿಲ್ಲ. ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದೆ.

ಜೋಳದ ರೊಟ್ಟಿ, ಎಣ್ಣೆಗಾಯಿ ಬದನೇಕಾಯಿ, ಶೇಂಗಾ ಚಟ್ನಿ, ಮಜ್ಜಿಗೆ ಮಾಡಿದ್ದೆ. ಕೊರಿಯಾದಾಕಿ ಮೀನಿನ ಸಾರ ಹಾಕದೆ ನನಗೆಂದೇ ಕಲಸಿದ ಕಿಮ್ಚಿ, ಅವರ ಎಲೆಕೋಸಿನ ಉಪ್ಪಿನಕಾಯಿ, ತಂದಳು. ಚಿಪ್ಪೆವಾದಾಕಿ ತಂದದ್ದು ಮೇಪಲ್ ಮರದ ರಸ ಕಾಯಿಸಿ ಮಾಡಿದ ಸಕ್ಕರೆ. ನೋಡಲಿಕ್ಕೂ ತಿನ್ನಲಿಕ್ಕೂ ನಮ್ಮ ಬೆಲ್ಲದ ತಂಗಿ. ಮಗಳು ಫೋನಿನಲ್ಲಿ ಪ್ರಶ್ನೆ ಬರೆದುಕೊಂಡು ಕೂತಿದ್ದಳು, ಪೊಲೀಸ್ ಸ್ಟೇಷನ್ನಿನ ಸಾಹೇಬರ ಹಾಗೆ.

ಮೊದಲು ಕೊರಿಯಾದಾಕಿ. "ನಿಮ್ಮ ಸಮುದಾಯದ ಯಶಸ್ಸಿನ ಕಾರಣ ಏನು?" ಎಂದು ಮಗಳು ಕೇಳಿದಳು.

"ಯಾವ ಸಮುದಾಯ?" ಎಂದಳು ಅವಳು. "ನಾವಿರೋ ನ್ಯೂ ಮಾಲ್ಡನ್ನಿನಾಗ ಒಂದ ಬೀದ್ಯಾಗ ಇಬ್ಬರು ಕೊರಿಯಾದವರು ಅದಾರ. ಕಂಪನಿ ಕಳಿಸಿದ್ದಕ್ಕ ಬಂದು ಹೋಟೆಲ್ ಇಟ್ಟವರು ಒಬ್ಬರು. ಉತ್ತರ ಕೊರಿಯಾದಿಂದ ಜೀವಾ ಉಳಿಸಿಕೊಂಡು ಬಂದು ಅದೇ ಹೋಟೆಲಿನಾಗ ಪಾತ್ರೆ ತಿಕ್ಕೋರು ಇನ್ನೊಬ್ಬರು. ನಿನ್ನ ಬಾಣ ಯಾರ ಮನಿಗೆ ಹೊಂಟೈತಿ?"

ಅವಳ ಗಂಡನ ಕಂಪನಿ ಲಂಡನ್ನಿನ ಕಚೇರಿ ಮುಚ್ಚಿದಾಗ ಉಳಿದವರೆಲ್ಲ ಕೊರಿಯಾಕ್ಕೆ ವಾಪಸ್ಸಾದರು, ಇವರು ಉಳಿದರು. ಮನೆಯ ಹತ್ತಿರವೇ ಕೆಲಸ ಸಿಗುತ್ತಿತ್ತು. ಅದನ್ನು ಬಿಟ್ಟು ಊರಿನ ಇನ್ನೊಂದು ತುದಿಯ ಪಾರ್ಕ್ ರಾಯಲ್‌ಗೆ ರೈಲು, ಬಸ್ಸು ಬದಲಿಸಿ ಬರುತ್ತಾಳೆ. ಯಾಕೆ ಎಂದರೆ, "ಗುರುತಿನವರ ಅಂಗಡ್ಯಾಗ ಕೆಲಸಕ್ಕ ನಿಂತರ ಚರ್ಚಿನಾಗ ನಾ ಕೂಡೋ ಜಾಗಾನೂ ಹಿಂದಿನ ಸಾಲಿಗೆ ಹೋಗತೈತಿ," ಎಂದಳು. ಮಗಳು ಅದನ್ನು ಟೈಪಿಸಿಕೊಂಡಳು. ಯಾವ ಚೌಕಕ್ಕೆ ಹಾಕಬೇಕೆಂದು ತಿಳಿಯದೆ ತುಟಿ ಕಚ್ಚಿದಳು.

ಆಮೇಲೆ ಚಿಪ್ಪೆವಾದಾಕಿ. ಅವಳು ಮೊದಲು ಹೆಸರನ್ನೇ ತಿದ್ದಿದಳು. "ಚಿಪ್ಪೆವಾ ಅನ್ನೋದು ಸರಕಾರದ ಕಾಗದದ ಹೆಸರು. ನಮಗ ನಾವು ಅನಿಶಿನಾಬೆ ಅಂತೀವಿ." ಕುಡಿತದ ಬಗ್ಗೆ ಕೇಳಿದರೆ, ಹೌದು, ಇದೆ ಎಂದಳು, ಅಜ್ಜಿಯನ್ನು ಚಿಕ್ಕವಳಿದ್ದಾಗಲೇ ದೂರದ ವಸತಿ ಶಾಲೆಗೆ ಒಯ್ದು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಹೊಡೆಯುತ್ತಿದ್ದರು ಎಂಬುದನ್ನೂ ಜೊತೆಗೇ ಹೇಳಿದಳು. ನಿಮ್ಮವರದೇ ಜೂಜಿನ ಕ್ಯಾಸಿನೊ ಇದೆಯಂತಲ್ಲ ಎಂದರೆ, ಅದೂ ಇದೆ, ಅದರಿಂದ ದವಾಖಾನೆಗೆ ಛಾವಣಿ ಬಂತು, ಅಣ್ಣನ ಮಗನಿಗೆ ನೌಕರಿ ಬಂತು, ಬಂಗಾರದ ಮಳೆಯೇನೂ ಸುರಿಯಲಿಲ್ಲ ಎಂದಳು. ಸರೋವರದಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯನ್ನು ದೋಣಿಯಲ್ಲಿ ಕೂತು, ಎರಡು ಕೋಲುಗಳಿಂದ ಮೆಲ್ಲಗೆ ಬಡಿದು ಉದುರಿಸಿಕೊಳ್ಳುವುದನ್ನು ಚಮಚೆ ಹಿಡಿದು ಮಾಡಿ ತೋರಿಸಿದಳು. ಇದೇ ಪ್ರಶ್ನೆಗಳಿಗೆ ಎಷ್ಟೋ ಸಲ ಉತ್ತರ ಕೊಟ್ಟು ನುಣುಪಾದ ಮಾತು ಅವಳದು.

ನನಗೆ ಸಾಕಾಯಿತು. ಮನೆಗೆ ಬಂದವರನ್ನು ಕುಡಿತ, ಕಾಯಿಲೆ ಎಂದು ಕೆದಕುವುದೇ? ಇಬ್ಬರ ತಟ್ಟೆಗೂ ಇನ್ನೊಂದು ರೊಟ್ಟಿ ಹಾಕಿ, ಸಭ್ಯವಾದ ಮಾತಿಗೆ ಎಳೆಯೋಣವೆಂದು ಕೇಳಿದೆ: "ಅದೆಲ್ಲಾ ಇರಲಿ. ನಿಮ್ಮ ಹೊಲ ಎಷ್ಟ್ ಐತಿ?"

ನಮ್ಮ ಕಡೆ ಇದು ಪ್ರೀತಿಯ ಪ್ರಶ್ನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೇಳುತ್ತೇವೆ, ಬೀಗರಿಗೆ ಕೇಳುತ್ತೇವೆ, ದವಾಖಾನೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಕೇಳುತ್ತೇವೆ. ಎಷ್ಟು ಎಕರೆ, ಕಪ್ಪು ಎರೆಯೋ ಕೆಂಪು ಮಸಾರಿಯೋ, ಈ ಸಲ ಏನು ಬಿತ್ತಿದ್ದೀರಿ. ಉತ್ತರ ಮುಖ್ಯವಲ್ಲ. ನಿಮ್ಮ ಕಾಲು ಎಲ್ಲಿಯ ನೆಲದ ಮೇಲಿದೆ ಎಂದು ಕೇಳಿದ ಹಾಗೆ ಅಷ್ಟೆ.

ಕೊರಿಯಾದಾಕಿ ಕೂಡಲೇ ಹೇಳಿದಳು. "ಸೇಬಿನ ತೋಟ ಇತ್ತು, ಉತ್ತರದಾಗ. ಯುದ್ಧದ ಕಾಲಕ್ಕ ಅಜ್ಜಿ ಬಿಟ್ಟು ಬಂದಳು. ಮತ್ತ ನೋಡಲಿಲ್ಲ. ಆದರ ದಕ್ಷಿಣದಾಗ ಎಲ್ಲಾರೂ ಬರಿಗೈಯಾಗಿದ್ರು. ಸಾಲಿ ನಮ್ಮದು, ಭಾಷಾ ನಮ್ಮದು, ಸರಕಾರಾನೂ ಕಡೀಕ ನಮ್ಮದ. ಎಲ್ಲಾರೂ ಕೂಡೇ ಎದ್ವಿ."

ಚಿಪ್ಪೆವಾದಾಕಿಯ ಕೈ ತಟ್ಟೆಯಲ್ಲೇ ನಿಂತಿತು. "ಗೊತ್ತಿಲ್ಲ," ಎಂದಳು. ರೊಟ್ಟಿಯನ್ನು ಮಡಚಿ ತಟ್ಟೆಯ ಅಂಚಿಗಿಟ್ಟು, ಮಜ್ಜಿಗೆ ಕುಡಿದು, ಊಟ ಚೆನ್ನಾಗಿತ್ತು ಎಂದು ಹೇಳಿ ಹೊರಟೇಬಿಟ್ಟಳು.

ಹಿಂದೆಯೇ ಕೊರಿಯಾದಾಕಿಯೂ ಹೋದಳು. ಬಾಗಿಲು ಹಾಕಿದ್ದೇ ಮಗಳು ನನ್ನ ಮೇಲೆ ಏರಿಬಂದಳು. ಯಾರ ನೆಲವನ್ನು ಕಿತ್ತುಕೊಂಡರೋ ಅವರನ್ನೇ ಯಾರಾದರೂ ಹಾಗೆ ಕೇಳುತ್ತಾರಾ, ನೀನು ಒಂದು ಪುಟವನ್ನಾದರೂ ಓದಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಬೆಂಕಿ ಕಾರಿದಳು. ನಮ್ಮ ಮನೆಯವರು ಕೈ ತೊಳೆದುಕೊಂಡು ಬಂದು, "ನಿಂಗೆ ಅದೆಲ್ಲ ಎಂತಕ್ ಬೇಕಿತ್? ಬಡ್ಸಿ ಸುಮ್ನೆ ಇಪ್ಪುಕೆ ಆತಿಲ್ಯಾ?" ಎಂದರು. ಅವರ ಪಾಲಿನ ಎಣ್ಣೆಗಾಯಿ ಮುಗಿದ ಮೇಲೆ ಹೇಳಿದ್ದು ಎಂಬುದನ್ನು ಗಮನಿಸಿದೆ.

ಸೋಮವಾರ ಚಿಪ್ಪೆವಾದಾಕಿ ಕ್ಯಾಂಟೀನಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಗೋದಾಮಿನ ಹೊರಗೆ, ಗೋಡೆಗೆ ಒರಗಿ ಒಬ್ಬಳೇ ಸ್ಯಾಂಡ್‌ವಿಚ್ ತಿನ್ನುತ್ತ ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎಂದು ಸುದ್ದಿ ಬಂತು. ಕ್ಷಮೆ ಕೇಳಲು ಗೋದಾಮಿನ ಬಾಗಿಲಿಗೆ ಹೋಗಿ ನಿಂತೆ. ಅವಳ ಗಾಡಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ನಾನು ಬಾಯಿ ತೆರೆದಾಗಲೆಲ್ಲ ಪೀಂ. ಅವಳು ಕೈಸನ್ನೆ ಮಾಡಿ ಆಮೇಲೆ ಎಂದಳು. ಆ ಆಮೇಲೆ ಆ ವಾರವೆಲ್ಲ ಬರಲಿಲ್ಲ.

ನನಗೆ ತುಂಬ ದುಃಖವಾಯಿತು. ರುಚಿ ನೋಡುವ ಚಮಚೆ ಹಿಡಿದು ನಿಂತರೆ ನಾಲಿಗೆಗೆ ಏನೂ ತಿಳಿಯದು. ಉಪ್ಪು ಸುರಿದ ಸಾಂಬಾರಿಗೆ ಹೂಂ ಎಂದುಬಿಟ್ಟೆ. ಕೊರಿಯಾದಾಕಿ ಅದನ್ನು ತಡೆದು, ನನ್ನನ್ನು ಪಕ್ಕಕ್ಕೆ ಕರೆದಳು.

"ನನಗ ಕೇಳಿದಿ, ನಾ ಹೇಳಿದೆ. ಆಕಿಗೆ ಕೇಳಿದಿ, ಆಕಿ ಹೇಳಲಿಲ್ಲ. ಇಬ್ಬರದೂ ಹೋತು. ಆದರ ನಂದು ಎಲ್ಲೈತಿ ಅಂತ ನನಗ ಗೊತ್ತೈತಿ. ಗಡಿ ಬೇಲಿ ಆಚೀಕ ಐತಿ. ಆಕೀದು ಎಲ್ಲಿ ಹೋತು ಅಂತ ಆಕಿಗೆ ಹೇಳೋರು ಯಾರು?"

ಮಗಳ ಪ್ರಬಂಧಕ್ಕೆ ಇಡೀ ವಾರ ಕಾಲೇಜಿನಲ್ಲಿ ಓದಿದ್ದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುವ ಮಾತು ಎನ್ನಿಸಿ ಮನೆಗೆ ಹೋಗಿ ಹೇಳಿದೆ. ಅವಳು ಎರಡು ಬಾಣಗಳನ್ನೂ ಅಳಿಸಿದಳು.

ಮುಂದಿನ ವಾರ ಊಟದ ಹೊತ್ತಿಗೆ ಚಿಪ್ಪೆವಾದಾಕಿ ತಟ್ಟೆ ತಂದು ನಮ್ಮ ಮೇಜಿನ ಮೇಲೆ ಇಟ್ಟಳು. ನಾನು ತಡವರಿಸುತ್ತ, ತಪ್ಪಾಯಿತು ಎಂದು ಶುರುಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ನನಗ ಸಿಟ್ಟು ಬಂದಿಲ್ಲ. ನಾಚಿಕಿ ಬಂತು. ಎಷ್ಟ್ ಕುಡೀತೀರಿ ಅಂತ ಕೇಳತಾರ, ಕ್ಯಾಸಿನೊ ರೊಕ್ಕ ಎಷ್ಟ್ ಬರತೈತಿ ಅಂತ ಕೇಳತಾರ. ಅದಕ್ಕೆಲ್ಲಾ ನನ್ನ ಕಡೆ ಉತ್ತರ ತಯಾರ್ ಅದಾವ. ಹೊಲ ಎಷ್ಟ್ ಇತ್ತು ಅಂತ ಈ ದೇಶದಾಗ ಒಬ್ಬರೂ ಕೇಳಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ."

ಅದಕ್ಕೇ ಅವಳು ಊಟ ಬಿಟ್ಟು ಫೋನಿಗೆ ಅಂಟಿಕೊಂಡಿದ್ದು. ತಾಯಿಯ ಅಂತ್ಯಕ್ರಿಯೆಗೆ ತಾನು ಹೋಗಲಾಗದ್ದಕ್ಕೆ ಮುನಿಸಿಕೊಂಡು ಮಾತು ಬಿಟ್ಟಿದ್ದ ಚಿಕ್ಕಮ್ಮನಿಗೆ ಫೋನ್ ಹಚ್ಚಿದ್ದಳು. ನಮ್ಮ ಊಟದ ಹೊತ್ತು ಅಮೆರಿಕದಲ್ಲಿ ಬೆಳಗಿನ ಕಾಫಿಯ ಹೊತ್ತು. ಚಿಕ್ಕಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಹೇಳಲು ಕೂತವಳು ನಿಲ್ಲಿಸಲೇ ಇಲ್ಲ. ಮುತ್ತಜ್ಜಿಯ ಹೆಸರಿಗೆ ಸರೋವರದ ದಂಡೆಯಲ್ಲಿ ಮೇಪಲ್ ಮರಗಳಿದ್ದ ನೆಲವನ್ನು ಸರಕಾರ ಕಾಗದದ ಮೇಲೆ ತುಂಡು ಹಾಕಿ ಕೊಟ್ಟಿತು. ಅದುವರೆಗೆ ಆ ನೆಲ ಎಲ್ಲರದೂ ಆಗಿತ್ತು. ಆಮೇಲೆ ಕೇಳರಿಯದ ತೆರಿಗೆ ಬಂತು, ಮರದ ವ್ಯಾಪಾರಿ ಬಂದ, ಓದಲು ಬಾರದವಳು ಹೆಬ್ಬೆಟ್ಟು ಒತ್ತಿದಳು. ಉಳಿದದ್ದು ಒಂದು ಮೂಲೆ. ಅದು ಇವತ್ತಿಗೂ ಪಾಲಾಗದೆ, ಲೆಕ್ಕವಿಲ್ಲದಷ್ಟು ದಾಯಾದಿಗಳ ಹೆಸರಿನಲ್ಲಿದೆ.

"ನನ್ನ ಪಾಲಿಗೆ ಒಂದು ಕುರ್ಚಿ ಹಾಕೋವಷ್ಟು ಜಾಗ ಐತಂತ," ಎಂದಳು. ಅವಳ ಮುಖ ಅರಳಿತ್ತು. "ಬ್ಯಾಸಗಿಗೆ ಹೋಗಾಕಿದೀನಿ. ಕುರ್ಚಿ ಹಾಕ್ಕೊಂಡು ಕೂಡ್ತೀನಿ. ನಿನ್ನ ಮಗಳಿಗೆ ಹೇಳು, ಇದನ್ನೂ ಬರೀಲಿ. ಈಗ ನೀ ಹೇಳು. ನಿಂದೆಷ್ಟು?"

ಕೇಳಿದ್ದೇ ತಡ, ಗೆಳತಿ ಮರಳಿ ಬಂದ ಖುಷಿಯಲ್ಲಿ ಶುರುಮಾಡಿದೆ. "ನಮ್ಮಪ್ಪಂದು ಇಪ್ಪತ್ತು ಎಕರೆ ಎರಿಹೊಲ. ಕಡ್ಲಿ, ಜ್ವಾಳ, ಹತ್ತಿ, ಏನ್ ಹಾಕಿದ್ರೂ..."

"ಅಪ್ಪಂದಲ್ಲ," ಎಂದಳು. "ನಿಂದು."

ಅಪ್ಪ ತೀರಿಕೊಂಡ ಮರುವರ್ಷ ಧಾರವಾಡಕ್ಕೆ ಹೋಗಿದ್ದೆ. ತಮ್ಮಂದಿರು ನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವ ಕಾಗದ ತಯಾರಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಕೊಡುವುದಿಲ್ಲ ಎನ್ನಬಹುದು ಎಂದು ನನಗೂ ಹೊಳೆಯಲಿಲ್ಲ. ಸಹಿ ಹಾಕಿದೆ. ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ಹೋಳಿಗೆ ಊಟ ಹಾಕಿಸಿದರು. ಆ ದಿನದ ಫೋಟೋಗಳಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿರುವವಳು ನಾನೇ.

"ನಂದಿಲ್ಲ," ಎಂದೆ.

ಚಿಪ್ಪೆವಾದಾಕಿ ನನ್ನ ಮೊಣಕೈ ಹಿಡಿದು, "ಹಂಗಾರ ನನ್ನ ಜೋಡಿ ಬಾ. ಒಂದ ಕುರ್ಚಿ, ಪಾಳಿ ಮ್ಯಾಲೆ ಕೂಡೋಣು," ಎಂದಳು. ಮೂವರೂ ನಕ್ಕೆವು.

ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಪ್ರಬಂಧ ಕಳಿಸುವ ದಿನ ಹತ್ತಿರ ಬಂದಿತ್ತು. ಮರದ ವ್ಯಾಪಾರಿ, ಹೆಬ್ಬೆಟ್ಟು, ಸೇಬಿನ ತೋಟ ಎಲ್ಲವೂ ಅವಳ ಬೆರಳಿನಲ್ಲಿ ಪಟಪಟನೆ ಇಳಿದವು. ಹೇಳುವ ಭರದಲ್ಲಿ ನನ್ನ ಸಹಿಯ ಕಥೆಯನ್ನೂ ಹೇಳಿಬಿಟ್ಟೆ, ಸೀರೆ, ಹೋಳಿಗೆ ಸಮೇತ. ಅವಳ ಬೆರಳು ನಿಂತವು.

"ಅಮ್ಮಾ, ನೀನು ಸಹಿ ಹಾಕದಿದ್ದರೆ ಆ ಹೊಲ ಮುಂದೆ ನನಗೆ ಬರ್ತಿತ್ತಾ?"

ಸಹಿ ಹಾಕುವಾಗ ಅವಳು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ನಾನು ಬಿಟ್ಟುಕೊಡುತ್ತಿರುವುದು ನನ್ನೊಬ್ಬಳದು ಎಂದೇ ತಿಳಿದಿದ್ದೆ.

"ಹೂಂ," ಎಂದೆ. "ನಿನಗ ಬರತಿತ್ತು."