ಖಾಲಿ ತಪ್ಪಲೆಯ ಭಯ

ಈಚೆಗೆ ನಮ್ಮ ಬೀದಿಯ ಹೆಂಗಸರೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ನಾನು ನಲ್ಲಿ ಹತ್ತಿರ ಹೋದರೆ ಸಾಕು, ಮಾತು ನಿಂತು ಕೊಡ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

ನಾನು ಮಾಡಿದ ಅಪರಾಧವಾದರೂ ಏನು? ಒಂದು ಬೋರ್ಡ್ ಬರೆದು ತೂಗುಹಾಕಿದ್ದೆ. ಅಷ್ಟೇ.

"ಪಾತ್ರೆಗಳನ್ನು ತೊಳೆದು, ಒರೆಸಿ, ಖಾಲಿಯಾಗಿ ಹಿಂತಿರುಗಿಸತಕ್ಕದ್ದು."

ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಬರೆದಿದ್ದೆ. (ಹಿಂದೂಪುರದಲ್ಲಿ ಒಂದೇ ಭಾಷೆಯಲ್ಲಿ ಬರೆದರೆ ಅರ್ಧ ಜನ ಓದಲು ಬರುವುದಿಲ್ಲ ಎಂದು ತಪ್ಪಿಸಿಕೊಳ್ಳುತ್ತಾರೆ. ಎರಡರಲ್ಲೂ ಬರೆದರೆ ಎಲ್ಲರೂ ಕನ್ನಡಕ ಮನೆಯಲ್ಲೇ ಮರೆತು ಬಂದಿರುತ್ತಾರೆ.) ಈ ವಾಕ್ಯದಲ್ಲಿ ತಪ್ಪೇನಿದೆ, ನೀವೇ ಹೇಳಿ. ಏನೂ ಇಲ್ಲ ತಾನೆ? ನಾನೂ ಹಾಗೇ ಅಂದುಕೊಂಡಿದ್ದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮದು ಮಗ್ಗದ ಬೀದಿ. ಈಗ ಮಗ್ಗಕ್ಕಿಂತ ಮೊಬೈಲ್ ರಿಪೇರಿ ಅಂಗಡಿಗಳೇ ಹೆಚ್ಚು, ಹೆಸರು ಮಾತ್ರ ಉಳಿದಿದೆ. ಬೀದಿ ಇಳಿಜಾರು. ಇಳಿಜಾರಿನ ಕೊನೆಯ ಮನೆ ಆಂಜಿನಪ್ಪನವರದು. ಅವರ ನಡುಮನೆಯಲ್ಲಿ ಹಳೇ ಕಾಲದ ಗುಂಡಿಮಗ್ಗ ಇದೆ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು.

ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಊಟ ಥರ್ಮಕೋಲ್ ತಟ್ಟೆಯಲ್ಲಿ. ಊಟವಾದ ಮೇಲೆ ತಟ್ಟೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ. ಚರಂಡಿ ಎಲ್ಲಿಗೆ ಹೋಗುತ್ತದೆ? ಆಂಜಿನಪ್ಪನವರ ಮನೆ ಮುಂದಕ್ಕೆ. ತಟ್ಟೆಗಳು ಅಲ್ಲಿ ಸಿಕ್ಕಿಕೊಂಡಿರುವಾಗ ಒಂದು ಮಳೆ ಬಿದ್ದರೆ ಮುಗಿಯಿತು, ಊರವರ ನಾಮಕರಣದ ಸಾರೆಲ್ಲ ಅವರ ಮಗ್ಗದ ಗುಂಡಿಯಲ್ಲಿ. ಹೋದ ವರ್ಷ ಹಾಗೆ ನೀರು ನುಗ್ಗಿ, ಇನ್ನೇನು ಮುಗಿಯಲಿದ್ದ ರೇಷ್ಮೆ ಸೀರೆಯೊಂದು ಮಗ್ಗದ ಮೇಲೇ ಹಾಳಾಯಿತು.

ಆಂಜಿನಪ್ಪ ಬೀದಿಗೆ ಬಂದು ಕೂಗಾಡಲಿಲ್ಲ. ಚರಂಡಿಯಿಂದ ಎತ್ತಿದ ಒಂದು ಒದ್ದೆ ತಟ್ಟೆ ಹಿಡಿದುಕೊಂಡು ಮನೆಮನೆಗೂ ಹೋದರು. "ಇದು ನಿಮ್ದೇನಮ್ಮ? ನಮ್ಮನೇಗೆ ಬಂದ್ಬುಟ್ಟಿತ್ತು" ಎಂದು ವಿನಯವಾಗಿ ಕೇಳಿದರು. ಯಾರೂ ನಮ್ಮದೆಂದು ಒಪ್ಪಲಿಲ್ಲ. ನಾಚಿಕೆ ಮಾತ್ರ ಎಲ್ಲರಿಗೂ ಆಯಿತು.

ಹಾಗೆ ಹುಟ್ಟಿದ್ದು ನಮ್ಮ ಪಾತ್ರೆಮನೆ. ಯಾವ ಆಫೀಸಿಗೂ ಅರ್ಜಿ ಹಾಕಲಿಲ್ಲ, ರಿಬ್ಬನ್ ಕತ್ತರಿಸಲು ಯಾರನ್ನೂ ಕರೆಯಲಿಲ್ಲ. ಎಲ್ಲರೂ ಅಟ್ಟ ಹತ್ತಿ, ಮದುವೆ ಮುಂಜಿಗೆ ಬಂದು ಕಾಗದ ಸುತ್ತಿದಂತೆಯೇ ಕೂತಿದ್ದ ಸ್ಟೀಲ್ ತಟ್ಟೆ, ಲೋಟ, ತಪ್ಪಲೆಗಳನ್ನು ಇಳಿಸಿದರು. ಆಂಜಿನಪ್ಪ ತಮ್ಮ ಮುಂದಿನ ಕೋಣೆ ಬಿಟ್ಟುಕೊಟ್ಟರು. ಯಾರ ಮನೆಯಲ್ಲಿ ಊಟವೋ ಅವರು ತೆಗೆದುಕೊಂಡು ಹೋಗುವುದು, ತೊಳೆದು ತಂದಿಡುವುದು. ಬಾಡಿಗೆ ಗೀಡಿಗೆ ಏನಿಲ್ಲ. ಉಸ್ತುವಾರಿ ನನ್ನ ತಲೆಗೆ ಬಂತು. (ಬರೆಯಲು ಬರುವವರಿಗೆ ನಮ್ಮಲ್ಲಿ ಇದೇ ಶಿಕ್ಷೆ.)

ಕೆಲವು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ ನನ್ನನ್ನೊಂದು ಕಾರ್ಯಾಗಾರಕ್ಕೆ ಕರೆದರು. ವಿಷಯ: ಸುಸ್ಥಿರ, ಸದೃಢ ಸ್ಥಳೀಯ ಸಮುದಾಯಗಳ ನಿರ್ಮಾಣ. ಎಸಿ ಹಾಲ್, ಎಲ್ಲರ ಮುಂದೆ ಪ್ಲಾಸ್ಟಿಕ್ ನೀರಿನ ಬಾಟಲಿ. ಮಧ್ಯಾಹ್ನ ಊಟ ಎಂಥ ತಟ್ಟೆಯಲ್ಲಿ ಬಂತೆಂದು ನಾನು ಹೇಳಬೇಕೆ?

ಬಂದವಳೇ ಎದುರುಮನೆಯ ತಿಪ್ಪಜ್ಜಿಗೆ ವರದಿ ಒಪ್ಪಿಸಿದೆ. ತಿಪ್ಪಜ್ಜಿ ನಮ್ಮ ಬೀದಿಯ ಹೈಕೋರ್ಟು.

"ಸದೃಡ ಅಂದ್ರೇನಮ್ಮ?"

"ಬಿದ್ರೂ ಎದ್ದೇಳೋ ಶಕ್ತಿ ಕಣಜ್ಜಿ."

"ಬೀಳೋದ್ಯಾಕೆ? ನೋಡ್ಕೊಂಡು ನಡೀರಿ ಅನ್ಬಾರ್ದಾ?" ಎಂದು ಅಜ್ಜಿ ಎಲೆಗೆ ಸುಣ್ಣ ಹಚ್ಚಿಕೊಂಡರು.

ಆದರೆ ಬಿದ್ದೆವು. ಬೀಳಿಸಿದ್ದು ಇರುವೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ನಿಮ್ಮಲ್ಲೂ ಇರಬಹುದು. ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದಿರುಗಿಸಬಾರದು. ಪಕ್ಕದ ಮನೆಯವರು ಬಟ್ಟಲಲ್ಲಿ ಪಾಯಸ ಕೊಟ್ಟರೆ, ಬಟ್ಟಲು ವಾಪಸ್ ಹೋಗುವಾಗ ಚಿಟಿಕೆ ಸಕ್ಕರೆಯಾದರೂ ಅದರಲ್ಲಿರಬೇಕು. ಖಾಲಿ ಕೊಟ್ಟರೆ ಕೊಟ್ಟ ಮನೆಗೂ ಒಳ್ಳೆಯದಲ್ಲ, ಪಡೆದ ಮನೆಗೂ ಒಳ್ಳೆಯದಲ್ಲ. ಯಾಕೆ ಎಂದು ಯಾರೂ ಕೇಳಿದ್ದಿಲ್ಲ, ಕೇಳಿದವರಿಗೆ ಉತ್ತರ ಸಿಕ್ಕಿದ್ದೂ ಇಲ್ಲ.

ಹೀಗಾಗಿ ಪಾತ್ರೆಮನೆಗೆ ಬಂದ ಒಂದೊಂದು ತಪ್ಪಲೆಯಲ್ಲೂ ಒಂದೊಂದು ನಿಧಿ. ಒಂದರಲ್ಲಿ ಹಿಡಿ ರಾಗಿ, ಇನ್ನೊಂದರಲ್ಲಿ ಬೆಲ್ಲದ ಚೂರು, ಮತ್ತೊಂದರಲ್ಲಿ ಕಡಲೇಕಾಯಿ. ಬೆಲ್ಲಕ್ಕೆ ಇರುವೆ ಬಂತು, ರಾಗಿಗೆ ಇಲಿ ಬಂತು. ಇಲಿ ರಾಗಿ ತಿಂದು ಸುಮ್ಮನೆ ಹೋಗುತ್ತದೆಯೇ? ಮುಂದಿನ ಕೋಣೆಯಿಂದ ನಡುಮನೆಗೆ ಎಷ್ಟು ದೂರ?

ಮಗ್ಗದ ಮೇಲೆ ಆಗ ಇದ್ದದ್ದು ಸಾಮಾನ್ಯ ಸೀರೆಯಲ್ಲ. ಊರವರ ಹೆಣ್ಣುಮಕ್ಕಳಿಗೆಲ್ಲ ಧಾರೆ ಸೀರೆ ನೇಯ್ದುಕೊಟ್ಟ ಆಂಜಿನಪ್ಪ, ಮೊದಲ ಸಲ ತಮ್ಮ ಮಗಳು ಪದ್ಮಳ ಮದುವೆಗೆ ನೇಯುತ್ತಿದ್ದರು. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಒಂದು ಬೆಳಿಗ್ಗೆ ಇಲಿ ಕಡಿದ ಎಳೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಇಷ್ಟೇ ಆದ್ರೆ ಗಂಟು ಹಾಕ್ಕಂತೀನಿ ಕಣಮ್ಮ. ನಾಳೆ ಇನ್ನಷ್ಟು ಕಡಿದ್ರೆ? ಬ್ಯಾರೆ ಜಾಗ ನೋಡ್ಕಳ್ರಿ" ಎಂದರು.

ಬೇರೆ ಜಾಗ ಎಲ್ಲಿದೆ? ನಾನು ಬೋರ್ಡ್ ಬರೆದೆ. ಅದೇ, ಖಾಲಿಯಾಗಿ ಹಿಂತಿರುಗಿಸತಕ್ಕದ್ದು.

ಮಾರನೆಯ ದಿನದಿಂದ ಪಾತ್ರೆ ಖಾಲಿ ಬರಲಿಲ್ಲ. ಪಾತ್ರೆ ಒಯ್ಯುವುದಕ್ಕೇ ಯಾರೂ ಬರಲಿಲ್ಲ! ಖಾಲಿ ತಪ್ಪಲೆ ವಾಪಸ್ ಕೊಟ್ಟ ಪಾಪ ಯಾರಿಗೆ ಬೇಕು? ಅದಕ್ಕಿಂತ ಥರ್ಮಕೋಲ್ ವಾಸಿ, ಅದನ್ನು ಯಾರಿಗೂ ಹಿಂದಿರುಗಿಸುವ ರಗಳೆಯಿಲ್ಲ. ತಿಪ್ಪಜ್ಜಿಯ ಮೊಮ್ಮಗನ ಮನೆ ಗೃಹಪ್ರವೇಶಕ್ಕೆ ತಟ್ಟೆಗಳು ಪ್ಯಾಕೆಟ್ಟುಗಳಲ್ಲಿ ಬಂದಿಳಿದವು. "ಏನಜ್ಜಿ, ನೀವೇ ಹಿಂಗೆ ಮಾಡೋದಾ?" ಎಂದೆ. ಅಜ್ಜಿ ನನ್ನ ಮುಖ ನೋಡದೆ ಹೇಳಿದರು: "ಹೊಸಮನೆ ಕಣಮ್ಮ. ಖಾಲಿ ಪಾತ್ರೆ ಹೊರಗೆ ಕಳ್ಸು ಅಂತೀಯ. ನಿನ್ನ ಬೋರ್ಡು ನಿಂಗೆ ದೊಡ್ಡದು, ನಮ್ಮ ಮನೆ ನಮಗೆ ದೊಡ್ಡದು."

ಗೃಹಪ್ರವೇಶದ ಸಂಜೆಯೇ ಒಂದು ಸಣ್ಣ ಮಳೆ. ಚರಂಡಿ ಕಟ್ಟಿ, ನೀರು ಆಂಜಿನಪ್ಪನವರ ಹೊಸಿಲಿನವರೆಗೆ ಬಂತು. ಅವರ ಹೆಂಡತಿ ನಾಗರತ್ನಮ್ಮ ಹಳೇ ಗೋಣಿಚೀಲ ಅಡ್ಡ ಹಾಕಿ ತಡೆದರು. ಆಂಜಿನಪ್ಪ ಮಗ್ಗ ಬಿಟ್ಟು ಏಳದೆ ಬಾಗಿಲನ್ನೇ ನೋಡುತ್ತಾ ಕೂತಿದ್ದರು.

"ಇಲಿ ಬಂದ್ರೆ ಬೆಕ್ಕು ಸಾಕ್ಬೋದು ವಸಂತಮ್ಮ. ನೀರು ಬಂದ್ರೆ ಏನು ಸಾಕ್ಲಿ?" ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೋರ್ಡ್ ಇದ್ದರೆ ನೀರು, ಬೋರ್ಡ್ ತೆಗೆದರೆ ಇಲಿ. ಮದುವೆ ಹತ್ತಿರ ಬರುತ್ತಿತ್ತು, ಮಳೆಗಾಲವೂ. ಅತ್ತ ದರಿ, ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ಮಧ್ಯದಲ್ಲಿ ಮಗ್ಗ ಹಾಕಿಕೊಂಡು ಕೂತವರನ್ನು ನೋಡಿದ್ದು ಅದೇ ಮೊದಲು.

ಆಗ ಕಲ್ಯಾಣದುರ್ಗದಿಂದ ನನ್ನ ತಂಗಿ ಗಿರಿಜಾ ಬಂದಿಳಿದಳು. ಬೋರ್ಡ್ ಬರುವ ಮೊದಲೇ, ಮಗಳ ಸೀಮಂತಕ್ಕೆಂದು ನಮ್ಮ ಪಾತ್ರೆಮನೆಯ ಅತಿ ದೊಡ್ಡ ತಪ್ಪಲೆ ಒಯ್ದಿದ್ದವಳು. ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿಗೇ ಕೂರಿಸಿಕೊಂಡು ಬಂದಿದ್ದಳು. ಕಂಡಕ್ಟರ್, "ಅಮ್ಮಾ, ದೀನಿಕಿ ಲಗೇಜಿ ಟಿಕೆಟ್ ತೀಸ್ಕೋವಾಲ" ಎಂದು ತಪ್ಪಲೆಗೂ ಟಿಕೆಟ್ ಕೇಳಿದನಂತೆ. ಹೆಂಗಸರಿಗೆ ಈಗ ಬಸ್ಸು ಫ್ರೀ ತಾನೆ? ಇವಳು, "ಇದೂ ಹೆಂಗಸೇ ಕಣಪ್ಪ. ದಿನಾ ಒಲೆ ಮುಂದೇನೇ ಬೇಯ್ತದಲ್ಲ!" ಎಂದಳಂತೆ. ಇಡೀ ಬಸ್ಸು ನಕ್ಕ ಮೇಲೆ ಕಂಡಕ್ಟರ್ ಟಿಕೆಟ್ ಕೇಳುವುದಾದರೂ ಹೇಗೆ?

ತಪ್ಪಲೆ ಇಳಿಸುವುದನ್ನು ನೋಡಲು ನಲ್ಲಿಯ ಹತ್ತಿರವಿದ್ದವರೆಲ್ಲ ಬಂದು ನಿಂತರು. ಮೇಲೆ ಮುಚ್ಚಳ, ಮುಚ್ಚಳಕ್ಕೆ ದಾರ.

"ಖಾಲಿ ತಾನೆ?" ಎಂದೆ.

"ಅಕ್ಕನ ಊರಿನ ತಪ್ಪಲೆ ಖಾಲಿ ತತ್ತೀನಾ? ನಂಗೇನು ತಲೆ ಕೆಟ್ಟೈತಾ?"

ತಿಪ್ಪಜ್ಜಿಯ ಮುಖ ಅರಳಿತು. ನನ್ನ ಬೋರ್ಡಿನ ಮಾನ ನನ್ನ ತಂಗಿಯಿಂದಲೇ ಹೋಗುವುದನ್ನು ನೋಡುವ ಸುಖ ಸಣ್ಣದೇ? ಅಜ್ಜಿ ತಾವೇ ಬಗ್ಗಿ ದಾರ ಬಿಚ್ಚಿ ಮುಚ್ಚಳ ತೆಗೆದರು.

ಬೆಲ್ಲವಿಲ್ಲ, ರಾಗಿಯಿಲ್ಲ. ಒಂದು ಸ್ಟೀಲ್ ಸೌಟು.

"ಎಂಥ ಪಾತ್ರೆಮನೆ ನಿಮ್ದು? ಸಾರು ಬಡಿಸಕ್ಕೆ ಒಂದು ಸೌಟಿಲ್ಲ" ಎಂದು ಗಿರಿಜಾ ಶುರುಮಾಡಿದಳು. "ಬ್ರಹ್ಮಸಮುದ್ರದಿಂದ ಬಂದ ಬೀಗರಿಗೆ ಲೋಟದಲ್ಲಿ ಮೊಗೆದು ಹಾಕ್ದೆ. ಮಾನ ಹೋಯ್ತು. ಅದಕ್ಕೇ ಒಂದು ಹಾಕ್ಕೊಂಡ್ ಬಂದೆ. ಯಾಕೆ ಎಲ್ರೂ ಹಿಂಗೆ ನೋಡ್ತಿದೀರ?"

ಎಲ್ಲರೂ ಹೈಕೋರ್ಟಿನ ಕಡೆ ನೋಡಿದರು. ತಿಪ್ಪಜ್ಜಿ ಸೌಟು ಎತ್ತಿ, ತಿರುಗಿಸಿ ನೋಡಿ, ಮತ್ತೆ ತಪ್ಪಲೆಗೆ ಹಾಕಿದರು. ಟಣ್ ಎಂದಿತು.

"ಸೌಟೈತಲ್ಲ. ಸೌಟಿದ್ಮೇಲೆ ಖಾಲಿ ಹೆಂಗಾಯ್ತದೆ?" ಎಂದು ತೀರ್ಪು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ಇರುವೆ ಬತ್ತದೇನಮ್ಮ?" ಎಂದರು. ಎಷ್ಟೋ ದಿನದ ಮೇಲೆ ಅವರು ನನ್ನ ಮುಖ ನೋಡಿ ಆಡಿದ ಮಾತು ಅದು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಅವತ್ತೇ ಬೋರ್ಡಿನಲ್ಲಿ "ಖಾಲಿಯಾಗಿ" ಎಂಬುದನ್ನು ಹೊಡೆದುಹಾಕಿ, "ಇರುವೆ ಮುತ್ತದ ಏನಾದರೊಂದನ್ನು ಹಾಕಿ" ಎಂದು ಬರೆದೆ. ಮಾರನೆಯ ವಾರದಿಂದ ಪಾತ್ರೆಗಳು ಹೊರಡತೊಡಗಿದವು. ವಾಪಸ್ ಬರುವಾಗ ಒಂದರಲ್ಲಿ ಚಮಚ, ಒಂದರಲ್ಲಿ ಲೋಟ, ಒಂದರಲ್ಲಿ ಜಾಲರಿ. ಕೊಟ್ಟಷ್ಟೂ ಬೆಳೆಯುವ ಪಾತ್ರೆಮನೆ! ಕಾರ್ಯಾಗಾರದವರು ನೋಡಿದ್ದರೆ ಇದಕ್ಕೊಂದು ಹೆಸರಿಟ್ಟು ಪಿಪಿಟಿ ಮಾಡುತ್ತಿದ್ದರು.

ಆದರೆ ಒಂದು ತಮಾಷೆ ಪಿಪಿಟಿಯಲ್ಲಿ ಬರುವುದಿಲ್ಲ. ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಚಟ ನಮಗೆ. ಹಾಗಾಗಿ ನಮ್ಮ ಬೀದಿಯ ರಾಜಮ್ಮನವರು ದಾನ ಮಾಡಿದ ಲೋಟದ ಮೇಲೆ ಲೇಪಾಕ್ಷಿ ಗಂಗಮ್ಮನವರ ಹೆಸರು! ಗಂಗಮ್ಮ ಪಕ್ಕದಲ್ಲೇ ನಿಂತಿದ್ದರು. ರಾಜಮ್ಮ ಆಕಾಶ ನೋಡಿದರು. ಗಂಗಮ್ಮ ಏನೋ ಹೇಳಲು ಬಾಯಿ ತೆರೆದರು, ತಾವು ತಂದ ಜಾಲರಿಯ ಹಿಡಿಯ ಮೇಲಿನ ಹೆಸರು ನೆನಪಾಗಿ ಮುಚ್ಚಿಕೊಂಡರು. ಬೀದಿಯಲ್ಲಿ ಎಷ್ಟೋ ಕಾಲದಿಂದ ಕಾಣೆಯಾಗಿದ್ದದ್ದೆಲ್ಲ ಒಂದೊಂದಾಗಿ ಪಾತ್ರೆಮನೆಗೆ ಬಂದು ಸೇರುತ್ತಿತ್ತು. ಹೆಸರು ಓದಬಾರದು ಎಂಬ ಒಪ್ಪಂದ ಯಾರೂ ಬಾಯಿ ಬಿಡದೆಯೇ ಆಗಿಹೋಯಿತು. (ಮನೆಯಲ್ಲಿ ನಮ್ಮವರು ಕೇಳಿದರು, "ನೀನು ಯಾರ ಲೋಟ ಕೊಟ್ಟೆ?" ನಾನು ಅಡಿಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ ಎಂದು ಎದ್ದುಹೋದೆ.)

ಯಾರ ಹಂಗೂ ನಮಗೆ ಬೇಡ ಎಂದು ಎಲ್ಲರೂ ಎದೆ ತಟ್ಟಿ ಹೇಳುತ್ತೇವೆ. ಆದರೆ ಹಂಗೇ ಇಲ್ಲದಿದ್ದರೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಯಾಕೆ ಹೋಗಬೇಕು? ತೊಳೆದು, ಒರೆಸಿ, ಲೆಕ್ಕ ಚುಕ್ತಾ ಮಾಡಿ ಕೊಟ್ಟುಬಿಟ್ಟರೆ ಸಂಬಂಧವೂ ಅಲ್ಲಿಗೇ ಚುಕ್ತಾ. ನನ್ನ ಬೋರ್ಡ್ ಕೇಳಿದ್ದು ಅದನ್ನೇ. ಹೆಂಗಸರು ಮುನಿಸಿಕೊಂಡಿದ್ದು ಸರಿಯಾಗಿಯೇ ಇತ್ತು.

ಹೋದ ವಾರ ಮಳೆ ಬಂತು ನೋಡಿ. ಸಣ್ಣದಲ್ಲ, ಮಧ್ಯಾಹ್ನವೇ ಕತ್ತಲೆ ಕವಿಸಿದ ಮಳೆ. ಅದರ ಹಿಂದಿನ ದಿನವಷ್ಟೇ ಬೀದಿಯಲ್ಲಿ ದೊಡ್ಡ ಊಟ ನಡೆದಿತ್ತು. ನಾನು ಕೊಡೆ ಹಿಡಿದು ಇಳಿಜಾರಿನಲ್ಲಿ ಓಡಿದೆ. ಚರಂಡಿ ಒಂದು ತಟ್ಟೆಯೂ ಇಲ್ಲದೆ, ಕೆಂಪು ನೀರು ಹೊತ್ತು ಭರ್ರೆಂದು ಹರಿಯುತ್ತಿತ್ತು. ಆಂಜಿನಪ್ಪ ಮಗ್ಗದಲ್ಲೇ ಕೂತಿದ್ದರು. ನನ್ನನ್ನು ನೋಡಿ ಒಂದು ಕಾಲನ್ನು ಗುಂಡಿಯಿಂದ ಮೇಲಕ್ಕೆತ್ತಿ ಅಂಗಾಲು ತೋರಿಸಿದರು.

"ನೋಡಮ್ಮ. ಒಣಗೈತೆ."

ಅಂಗಾಲು ನೋಡಿ ಅತ್ತವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಾಗರತ್ನಮ್ಮ ಕಾಫಿ ಕೊಟ್ಟು ಸಮಾಧಾನ ಮಾಡಿದರು.

ಮೊನ್ನೆ ಪದ್ಮಳ ಮದುವೆಯಾಯಿತು. ಅರಿಶಿನದ ಸೀರೆಯಲ್ಲಿ ಹುಡುಗಿ ಬೆಳಗುತ್ತಿದ್ದಳು. ಇಲಿ ಕಡಿದು ಗಂಟು ಹಾಕಿದ್ದು ಎಲ್ಲಿ ಎಂದು ನಾನು ಹುಡುಕಿದೆ, ಕಾಣಲಿಲ್ಲ. ಊಟ ನಮ್ಮ ಸ್ಟೀಲ್ ತಟ್ಟೆಯಲ್ಲೇ. ಮರುದಿನ ಆಂಜಿನಪ್ಪ ಛತ್ರದಿಂದ ದೊಡ್ಡ ತಪ್ಪಲೆಯನ್ನು ಹೊತ್ತು ತಂದು, ತಮ್ಮದೇ ಮನೆಯ ಮುಂದಿನ ಕೋಣೆಯಲ್ಲಿಟ್ಟರು. ತಮ್ಮ ಮನೆಗೇ ತರುವುದಾದರೂ ಖಾಲಿ ತರುವುದುಂಟೆ? "ನಮ್ಮನೇದೂ ಒಂದಿರ್ಲಿ ಕಣಮ್ಮ. ಹಳೇ ಸೌಟು, ಗಟ್ಟಿ ಮಾಲು" ಎಂದರು ಹೆಮ್ಮೆಯಿಂದ.

ಗಟ್ಟಿ ಮಾಲೇ. ಅದರ ಹಿಡಿಯ ಮೇಲೆ "ರೊದ್ದಂ ಸರೋಜಮ್ಮ" ಎಂದು ಕೆತ್ತಿದೆ. ಸರೋಜಮ್ಮ ಎಂದರೆ ನನ್ನ ತಾಯಿ. ನನ್ನ ಮದುವೆಗೆ ಅವರು ಕೊಟ್ಟ ಸೌಟು. ಅದು ಕಾಣೆಯಾದಾಗಿನಿಂದ ನಾನು ಅನುಮಾನದ ಕಣ್ಣಿಂದ ನೋಡುತ್ತಿದ್ದದ್ದು ನನ್ನ ನಾದಿನಿಯನ್ನು!

ಆಂಜಿನಪ್ಪನವರನ್ನು ಕೇಳಲೇ, ಬೇಡವೇ? ಉತ್ತರ ಹೇಳುವ ಮೊದಲು ನಿಮ್ಮ ಅಡಿಗೆಮನೆಯ ಸೌಟನ್ನೊಮ್ಮೆ ತಿರುಗಿಸಿ, ಹಿಡಿಯ ಮೇಲೆ ಯಾರ ಹೆಸರಿದೆ ಓದಿಕೊಂಡು ಬನ್ನಿ.