ಪಂಚಮಿಗೆ ಅಕ್ಕ ಕೇಳಿದ ರೈಫಲ್

"ಈ ಸಲ ಪಂಚಮಿಗೆ ಸೀರೆ ತರಬ್ಯಾಡ್ರಿ. ನನಗೊಂದು ರೈಫಲ್ ಮಾಡಿಸಿಕೊಡ್ರಿ."

ಗಿರಿಜಕ್ಕ ಫೋನಿನಲ್ಲಿ ಹೀಗಂದಾಗ ನಾನು ಹೊನ್ನಾಳಿ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದೆ. ಖಾರ ಸೀದಾ ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಕೇಳಿದೆ, "ಯಾರ ಜತೆ ಜಗಳ ಆತಕ್ಕಾ?"

"ತಲೆ ಕೆಟ್ಟೈತೇನೋ ನಿಂಗೆ? ಮ್ಯಾಚಿಗೆ ಕಣೋ, ಮ್ಯಾಚಿಗೆ!"

ಅಕ್ಕನ ಬಗ್ಗೆ ಹೇಳಿಬಿಡುತ್ತೇನೆ. ಜಗಳೂರು ನಮ್ಮ ತವರು, ಗೋವಿನಕೋವಿ ಅವಳ ಗಂಡನ ಮನೆ. ನ್ಯಾಮತಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ ಸೀಟಿ ಊದಿ ಊದಿ ರಿಟೈರ್ ಆದವಳು. ರಿಟೈರ್ ಆದವರು ಏನು ಮಾಡಬೇಕು? ಸೀರಿಯಲ್ ನೋಡಬೇಕು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬೇಕು. ಇವಳು ಚನ್ನಗಿರಿಯಲ್ಲಿ ನಿವೃತ್ತ ಸುಬೇದಾರರೊಬ್ಬರು ಹಳೇ ಗೋಡೌನಿನಲ್ಲಿ ನಡೆಸುವ ಶೂಟಿಂಗ್ ತರಬೇತಿಗೆ ಸೇರಿಕೊಂಡಳು. ಹತ್ತು ಮೀಟರ್ ಏರ್ ರೈಫಲ್, ಅಂದರೆ ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವುದು. ಅಷ್ಟು ದೂರದಲ್ಲೊಂದು ಹಾಳೆ, ಅದರ ನಡುವೆ ಪೆನ್ನಿನಿಂದ ಇಟ್ಟಷ್ಟು ಚುಕ್ಕಿ. ಅದಕ್ಕೆ ಗುರಿ.

ಮತ್ತೆ ಹೊಡೆಯುತ್ತಾಳೆ ಕೂಡ! ಸುಬೇದಾರರೇ ದಂಗಾಗಿದ್ದಾರೆ. ಶ್ರಾವಣ ಕಳೆದ ಮೇಲೆ ಹಿರಿಯ ಮಹಿಳೆಯರ ವಿಭಾಗದಲ್ಲಿ ಮ್ಯಾಚು, ಅಲ್ಲಿ ಚೆನ್ನಾಗಿ ಹೊಡೆದರೆ ರಾಜ್ಯಮಟ್ಟಕ್ಕೆ. ತೊಂದರೆ ಒಂದೇ. ಗೋಡೌನಿನಲ್ಲಿರುವ ರೈಫಲ್ ಆರಡಿ ಹುಡುಗರ ಅಳತೆಯದು. ಅಕ್ಕ ನನ್ನ ಭುಜಕ್ಕೂ ಬರುವುದಿಲ್ಲ. ಅದನ್ನು ಎತ್ತಿ ಹಿಡಿದರೆ ಕುತ್ತಿಗೆ ಸೊಟ್ಟಗಾಗುತ್ತದೆ, ಕೈ ನಡುಗುತ್ತದೆ. ಪುಣೆಯಲ್ಲೊಬ್ಬ ಮೇಸ್ತ್ರಿ ನಮ್ಮ ಮೈಗೆ ತಕ್ಕಂತೆ ರೈಫಲ್ ಕಟ್ಟಿಕೊಡುತ್ತಾನಂತೆ. ಮರದ ಹಿಡಿಕೆ, ನಳಿಕೆ, ಟ್ರಿಗರ್ ಎಲ್ಲವನ್ನೂ ಹೇಳಿ ಮಾಡಿಸಿಕೊಳ್ಳಬಹುದು.

"ಮುಂದಿನ ವರ್ಷ ಮಾಡಿಸೋಣ ಬಿಡಕ್ಕಾ" ಅಂದೆ.

"ಕಣ್ಣಿಗೆ ಪೊರೆ ಬರಾಕೆ ಶುರು ಆಗೈತೆ ಅಂದ್ರು ಡಾಕ್ಟ್ರು. ಮುಂದಿನ ವರ್ಷ ಆ ಚುಕ್ಕಿ ಹೆಂಗೆ ಕಾಣ್ತೈತೋ ಏನೋ. ಈ ವರ್ಷ ಒಂದ್ಸಲ ಸರಿಯಾಗಿ ನಿಂತು ಹೊಡಿಬೇಕು ಕಣೋ ನಾನು."

ಇದಾದ ಮೇಲೆ ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ ಹೇಳಿ?

ಜಗಳೂರಿನ ದೊಡ್ಡಣ್ಣನಿಗೆ ಸುದ್ದಿ ಮುಟ್ಟಿಸಿದೆ. ಕುರಿ, ಮೆಕ್ಕೆಜೋಳ ಮತ್ತು ಮೀಸೆ, ಈ ಮೂರನ್ನೂ ಮುತುವರ್ಜಿಯಿಂದ ಬೆಳೆಸುವ ಮನುಷ್ಯ. ಮೊದಲು ಬೈದ. ಆಮೇಲೆ ನಕ್ಕ. ಕೊನೆಗೆ "ಎಲ್ಲಾ ನಂಗೆ ಬಿಡು" ಅಂದ. (ನಮ್ಮ ಮನೆಯ ಅನಾಹುತಗಳೆಲ್ಲ ಈ ಮಾತಿನಿಂದಲೇ ಶುರುವಾಗುವುದು.) ಸುಬೇದಾರರಿಂದ ನಂಬರ್ ತಗೊಂಡು ಪುಣೆಗೆ ಫೋನ್ ಹಚ್ಚಿಯೇಬಿಟ್ಟ.

ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ, ಕ್ಯಾಲಿಬರ್ ಎಷ್ಟು? (ನಳಿಕೆಯ ಒಳಗಿನ ಅಗಲ ಎಷ್ಟು ಇಂಚು ಅಂತ ಅರ್ಥ. ಗುಂಡಿನ ಗಾತ್ರವೂ ಅಷ್ಟೇ ಅಂತಿಟ್ಟುಕೊಳ್ಳಿ.) ಪಾಯಿಂಟ್ ಒನ್ ಸೆವೆನ್ ಸೆವೆನ್ ಐತೆ, ಪಾಯಿಂಟ್ ಟೂ ಟೂ ಐತೆ ಅಂದನಂತೆ.

"ದೊಡ್ಡದು ಯಾವ್ದಪ್ಪಾ?"

"ಟೂ ಟೂ."

"ಅದನ್ನೇ ಮಾಡು."

ನನಗೆ ಇದನ್ನು ಹೇಳುವಾಗ ದೊಡ್ಡಣ್ಣನಿಗೆ ಎಂಥಾ ಹೆಮ್ಮೆ! ಕಾರಣ ನಿಮಗೂ ಗೊತ್ತಿರುವುದೇ. ಪಂಚಮಿಗೆ ತವರಿನಿಂದ ಹೋದ ಉಡುಗೊರೆ ಸುಮ್ಮನೆ ಟ್ರಂಕು ಸೇರುವುದಿಲ್ಲ. ಗಂಡನ ಊರಿನ ಓಣಿಯ ಹೆಂಗಸರೆಲ್ಲ ಬಂದು ಉಂಡಿ ತಿನ್ನುತ್ತಾ ಸೀರೆಯ ಸೆರಗು ಮುಟ್ಟಿ ನೋಡುತ್ತಾರೆ. ಅಣ್ಣತಮ್ಮಂದಿರ ಮಾನ ಅಳೆಯುವುದು ಅಲ್ಲೇ. "ಜೋಳದ ಕಾಳಿನಷ್ಟು ಗುಂಡು ಹಾರಿಸೋ ಕೋವಿ ಕೊಟ್ರೆ ಗೋವಿನಕೋವಿಯೋರು ಏನಂತಾರೆ? ಟೂ ಟೂ ಅಂದ್ರೆ ಒಂದು ತೂಕ ಐತೆ. ಬೇಕಂದ್ರೆ ಹಂದಿಗೂ ಆಗ್ತೈತೆ" ಅಂದ.

ನಾನೂ ಹೌದೌದು ಅಂದೆ. ಅಷ್ಟು ಹೊತ್ತಿಗೆ ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೋ ನೋಡಿ ಪಂಡಿತನಾಗಿದ್ದೆನಲ್ಲ! ಅಕ್ಕನನ್ನು ಒಂದು ಮಾತು ಕೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಉಡುಗೊರೆ ಅಲ್ಲವೇ, ಕೇಳಿ ಕೊಡುತ್ತಾರೆಯೇ?

ಪುಣ್ಯಕ್ಕೆ ಮೇಸ್ತ್ರಿ ಕೇಳಿದ. ಕೈಯ ಉದ್ದ ಎಷ್ಟು ಅಂತ ತಿಳಿಯಲು ಅಕ್ಕನಿಗೇ ಫೋನ್ ಮಾಡಿದವನು, ಟೂ ಟೂ ನಳಿಕೆ ತಗೊಂಡು ಯಾವ ಮ್ಯಾಚ್ ಆಡುತ್ತೀರಿ ಅಂದನಂತೆ. ಮಾರನೇ ದಿನವೇ ಅಕ್ಕ ಬಸ್ಸು ಹತ್ತಿದಳು. ನಾನಿರುವ ಹೊನ್ನಾಳಿಯಲ್ಲಿ ಇಳಿದು ನನ್ನನ್ನೂ ಕರೆದುಕೊಂಡು ಜಗಳೂರಿನ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಒಂದೇ ಒಂದು ಮಾತಿಲ್ಲ. ಪಿ.ಟಿ. ಟೀಚರ್ ಸುಮ್ಮನಿದ್ದರೆ ಏನರ್ಥ ಅಂತ ಅವರ ಕೈಯಲ್ಲಿ ಕಲಿತವರಿಗೇ ಗೊತ್ತು.

ಪಡಸಾಲೆಯಲ್ಲಿ ಕೂತಿದ್ದ ದೊಡ್ಡಣ್ಣನ ಅಂಗೈಗೆ ಅವಳು ಒಂದು ಸೀಸದ ಗುಂಡು ಹಾಕಿದಳು. ಅವನು ಕನ್ನಡಕ ಹುಡುಕಿದ.

"ಇಷ್ಟೇ ಏನವ್ವಾ? ಇದು ಯಾವ ಹಂದಿಗೆ ಸಾಕಾಗ್ತೈತೆ?"

"ಹಂದಿ ಹೊಡಿಯಾಕಲ್ಲಣ್ಣ, ಹಾಳೆ ಹೊಡಿಯಾಕೆ. ನನ್ನ ಮ್ಯಾಚಿಗೆ ಇದೇ ಗುಂಡು. ಟೂ ಟೂ ಹಿಡ್ಕೊಂಡು ಹೋದ್ರೆ ಬಾಗಿಲಾಗೇ ವಾಪಸ್ ಕಳಿಸ್ತಾರೆ."

ನಾನು ಬಾಯಿ ಹಾಕಿದೆ. "ಹಂಗಾದ್ರೆ ಐವತ್ತು ಮೀಟರಿನ ಮ್ಯಾಚ್ ಆಡಕ್ಕಾ. ಅದರಲ್ಲಿ ಟೂ ಟೂ ನಡೀತೈತೆ."

"ಅದು ಮದ್ದಿನ ಗುಂಡಿನ ರೈಫಲ್ ಕಣೋ ಶಾಣ್ಯಾ! ಅದಕ್ಕೆ ಲೈಸೆನ್ಸ್ ಬೇಕು, ಅಷ್ಟುದ್ದದ ಬೇರೆ ರೇಂಜ್ ಬೇಕು. ಎಲ್ಲಿಗೆ ಹೋಗ್ಲಿ? ಇದಾದ್ರೆ ನಮ್ಮ ಹಿತ್ತಲಾಗೆ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಇಟ್ಟು ದಿನಾ ಬೆಳಿಗ್ಗೆ ಹೊಡಿತೀನಿ. ದಿನಾ ಹೊಡಿಯಾಕಾಗದ ಕೋವಿ ತಗೊಂಡು ಏನು ಮಾಡ್ಲಿ, ಪೂಜೆ ಮಾಡ್ಲಾ?"

ದೊಡ್ಡಣ್ಣ ಇನ್ನೂ ಬಿಡಲಿಲ್ಲ. "ಅಲ್ಲವ್ವಾ, ತವರಿನೋರು ಇಷ್ಟು ಸಣ್ಣದು ಕೊಟ್ರು ಅಂತ ನಾಳೆ ಮಂದಿ..."

ಅಕ್ಕನ ಕಣ್ಣು ತುಂಬಿಬಂತು. "ನೀವು ಮಂದಿಗೆ ತೋರ್ಸಾಕೆ ಕೊಡಿಸ್ತೀರೋ, ನಂಗೆ ಕೊಡಿಸ್ತೀರೋ? ಮಂದಿಗೇ ಆದ್ರೆ ಸೀರೆನೇ ತಗೊಂಬರ್ರಿ. ಉಟ್ಕೊಂತೀನಿ. ಮ್ಯಾಚಿಗೆ ಮಾತ್ರ ಹೋಗಲ್ಲ."

ಅಡುಗೆಮನೆಯಿಂದ ಅತ್ತಿಗೆ ಹೊರಗೆ ಬಂದರು. ಅವರ ಕೈಯಲ್ಲಿ ಬಟ್ಟೆ ಹೊಲಿಯುವ ಟೇಪು. "ಮಾತು ಸಾಕು ಮಾಡ್ರಿ. ಆ ಪುಣೆಯೋನು ಕೈಯ ಅಳತೆ ಕೇಳ್ಯಾನಂತೆ. ಮೊದ್ಲು ಅದನ್ನ ತಗೊಳ್ರಿ" ಅಂದು ಟೇಪನ್ನು ದೊಡ್ಡಣ್ಣನ ತೊಡೆಯ ಮೇಲೆ ಹಾಕಿದರು.

ದೊಡ್ಡಣ್ಣ ಎದ್ದ. ಮುಖ ಇನ್ನೂ ಊದಿಕೊಂಡೇ ಇತ್ತು. ಆದರೂ ತಂಗಿಯ ಭುಜದಿಂದ ಮಣಿಕಟ್ಟಿನವರೆಗೆ, ಕೆನ್ನೆಯಿಂದ ಭುಜದವರೆಗೆ ಟೇಪು ಹಿಡಿದ. ಫೋನಿನಲ್ಲಿ ಮೇಸ್ತ್ರಿಗೆ ಒಂದೊಂದೇ ಹೇಳಿದ. ಕೊನೆಗೆ, "ಆ ಟೂ ಟೂ ಬ್ಯಾಡಪ್ಪ. ಸಣ್ಣದೇ ಮಾಡು" ಅಂದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಯೋಚಿಸಿ ನೋಡಿ, ನಾವು ಕೊಡುವುದೆಲ್ಲ ಹೀಗೆಯೇ ಅಲ್ಲವೇ? ಎರಡು ಸ್ವಿಚ್ಚು ಒತ್ತಲು ಬಂದರೆ ಸಾಕೆನ್ನುವ ಅವ್ವನಿಗೆ ಇಪ್ಪತ್ತು ಬಟನ್ನಿನ ಮಿಕ್ಸಿ. ಚಿತ್ರ ಬರೆಯುವ ಮಗಳಿಗೆ ಸೈನ್ಸ್ ಸೀಟು. ಎಲ್ಲಾ ದೊಡ್ಡ ಕ್ಯಾಲಿಬರೇ! ಅವರು ಅದನ್ನು ದಿನಾ ಬಳಸುತ್ತಾರೋ ಇಲ್ಲವೋ, ಆ ಚಿಂತೆ ನಮಗಿಲ್ಲ.

ಪಂಚಮಿಯ ದಿನ ರೈಫಲ್ ಬಂತು. ಗೋವಿನಕೋವಿಯ ಓಣಿಯ ಹೆಂಗಸರು ಉಂಡಿ ತಿನ್ನುತ್ತಾ ಅದನ್ನೂ ಮುಟ್ಟಿ ನೋಡಿದರು. "ಗುಂಡು ಇಷ್ಟೇ ಏನ್ರೀ?" ಅಂತ ಒಬ್ಬರು ಕೇಳಿಯೇ ಕೇಳಿದರು. ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋಗಿ ಹಾಳೆ ಕಟ್ಟಿ ಹೊಡೆದು ತೋರಿಸಿದಳು. ಈಗ ಅವರಲ್ಲಿ ಇಬ್ಬರು ಚನ್ನಗಿರಿಯ ತರಬೇತಿಗೆ ಹೋಗಿ ಬರುತ್ತಿದ್ದಾರೆ.

ಕಳೆದ ವಾರ ಮ್ಯಾಚು ಮುಗಿಯಿತು. ಮೊದಲ ಬಹುಮಾನ ಬರಲಿಲ್ಲ. ಆದರೆ ಅಕ್ಕನ ಕೈ ನಡುಗಲಿಲ್ಲ, ಕುತ್ತಿಗೆ ಸೊಟ್ಟಗಾಗಲಿಲ್ಲ. ರಾಜ್ಯಮಟ್ಟಕ್ಕೆ ಆಯ್ಕೆಯಾದಳು! ಫೋನಿನಲ್ಲಿ ಅವಳು ಚಿಕ್ಕ ಹುಡುಗಿಯ ಹಾಗೆ ಕೂಗಿಕೊಂಡಾಗ ನಾನೂ ಇಲ್ಲಿ ಕುಣಿದಾಡಿಬಿಟ್ಟೆ.

ಮೊನ್ನೆ ಜಗಳೂರಿಗೆ ಹೋಗಿದ್ದೆ. ಚಹಾ ಅಂಗಡಿಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು ದೊಡ್ಡಣ್ಣ ಮೀಸೆ ತಿರುವುತ್ತಿದ್ದ. "ಮ್ಯಾಚಿಗೆ ಯಾವತ್ತೂ ಸಣ್ಣ ಕ್ಯಾಲಿಬರೇ ಬೇಕ್ರೀ. ದೊಡ್ಡದು ಬ್ಯಾಡವೇ ಬ್ಯಾಡ ಅಂತ ಫೋನ್ ಹಚ್ಚಿ ಹೇಳ್ದೋನು ನಾನೇ!"

ಹೇಳಿಕೊಳ್ಳಲಿ ಬಿಡಿ, ಗುರಿ ಹೊಡೆದವಳು ಯಾರು ಅಂತ ಹಾಳೆಗೆ ಗೊತ್ತಿಲ್ಲವೇ?