ಕಾಕಾನ ಹೆಸರ

ಇದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ. ಇಂಡಿಯಿಂದ ಸಿಂದಗಿಗೆ ಹೊಂಟ ಬಸ್ಸಿನ್ಯಾಗ ನಾ ಪುಸ್ತಕ ಓದ್ಕೋತ ಕುಂತಿದ್ದೆ. ಬಾಜೂಕ ಗುರ್ತಿಲ್ಲದ ಒಬ್ಬ ಕಾಕು ಇದ್ರು. ನಡುವ ಒಂದ ಹಳ್ಳ್ಯಾಗ ಬಸ್ ನಿಂತಾಗ, ಮುಂದಿನ ಸೀಟಿನ್ಯಾಗಿದ್ದ ಅವರ ಗಂಡ ಎದ್ದು ಬಾಗಲ ಕಡೆ ಹೊಂಟ್ರು.

"ರೀ, ನಮ್ಮೂರ ಇದಲ್ರಿ," ಅಂದ್ರು ಕಾಕು. ಅವರು ತಿರಗಲಿಲ್ಲ.

ಕಾಕು ನನ್ನ ಕೈಯಾಗ ದವಾಖಾನಿ ಚೀಟಿ ತುರುಕಿದ್ರು. "ಮರವಿನ ರೋಗ ಅಂತವ್ವ. ಮೊದಲ ಹೆಸರ ಹಿಡದ ಕರೀರಿ, ಆಮ್ಯಾಲೆ ಮಾತಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಗಂಡನ ಹೆಸರ ನಾ ಹೆಂಗ ಹೇಳಲಿ? ಇದರಾಗ ಐತಿ, ನೀ ಓದಿ ಕರಿ."

ಮೆಲ್ಲಕ ಕರದೆ, ಕೇಳಲಿಲ್ಲ. ಎದ್ದು ನಿಂತು "ಮಲ್ಲಪ್ಪ ಕಾಕಾ" ಅಂತ ಜೋರಲೆ ಒದರಿದೆ. ಬಸ್ಸಿನ್ಯಾಗಿನವರೆಲ್ಲ ನನ್ನ ನೋಡಿದ್ರು. ಕಾಕಾನೂ ತಿರಗಿ, ನಕ್ಕೋತ ಬಂದು ಕುಂತ್ರು.

"ಯಾರ ಮಗಳವ್ವ ನೀ?" ಅಂತ ನನ್ನ ಜೋಡಿ ಮಾತಿಗೆ ಇಳದ್ರು.

"ಈಗ ನೀವ ಒಮ್ಮೆ ಕರದ ನೋಡ್ರಿ ಕಾಕು," ಅಂದೆ.

ಕಾಕು ಬಾಯಿ ತೆರದ್ರು, ಮತ್ತ ಸೆರಗಿಲೆ ಮುಚ್ಚಿಕೊಂಡ್ರು. "ಮನ್ಯಾಗ ನಾವಿಬ್ಬರ ಇರೋದವ್ವ. ಅಲ್ಲಿ ಯಾರ ಕರೀಬೇಕು?"

ಸಿಂದಗಿ ಬರೋತನಕ ಕಾಕಾ ನನ್ನ ಜೋಡಿನ ಮಾತಾಡಿದ್ರು. ನನಗ ಮಾತ ಬೇಕಾಗಿರಲಿಲ್ಲ. ಬೇಕಾದವರು ನನ್ನ ಬಾಜೂಕ ಸುಮ್ಮನ ಕುಂತಿದ್ರು.